ಆರು ಹೆಸರು, ಒಂದೇ ಕೈಬರಹ

ನಮ್ಮ ಭಾಗದ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರಿಗೆ, ಪಠ್ಯಕ್ರಮ ಸಮಿತಿಯವರಿಗೆ,

ಗುರುಗಳೇ, ನಮಸ್ಕಾರ.

ನಾನು ಬಾಗಲಕೋಟೆ ಜಿಲ್ಲೆಯ ಹುಡುಗಿ. ಎಂ.ಎ. ಅರ್ಥಶಾಸ್ತ್ರ, ಎರಡನೇ ವರ್ಷ. ಯಾವ ಕಾಲೇಜು, ಯಾವ ವಿಭಾಗ ಅಂತ ಬರೆಯುವುದಿಲ್ಲ. ಕ್ಲಾಸಿನಲ್ಲಿ ಗ್ರೂಪ್ ಕಲಿಕೆ ಹೇಗಿದ್ದರೆ ಚೆನ್ನ ಅಂತ ನಿಮಗೆ ಹೇಳಲು ಈ ಪತ್ರ. ಯಾರ ಮೇಲೂ ದೂರು ಹೇಳುವ ಉದ್ದೇಶ ನನಗಿಲ್ಲ. ಆದರೂ ಒಂದು ದೂರಿನಿಂದಲೇ ಶುರು ಮಾಡಬೇಕಾಗಿದೆ, ಕ್ಷಮಿಸಿ.

ಪದವಿಯ ಕೊನೆಯ ವರ್ಷ ನಮಗೊಂದು ಗ್ರೂಪ್ ಪ್ರಾಜೆಕ್ಟ್ ಕೊಟ್ಟರು. ವಿಷಯ, ನಮ್ಮ ತಾಲೂಕಿನ ಸಹಕಾರಿ ಸಂಘಗಳು. ಪೀರಿಯಡ್ ಮುಗಿಯಲು ಎರಡು ನಿಮಿಷ ಇದ್ದಾಗ ಸರ್ ಹಾಜರಿ ಪುಸ್ತಕ ತೆಗೆದರು. "ರೋಲ್ ನಂಬರ್ ಪ್ರಕಾರ ಆರಾರು ಮಂದಿ. ತಿಂಗಳ ಕೊನಿಗೆ ರೆಕಾರ್ಡ್ ಕೊಡ್ರಿ" ಅಂದು ಎದ್ದು ಹೋದರು. ಅಷ್ಟೇ. ಅವತ್ತೇ ಸಂಜೆ ಒಂದು ವಾಟ್ಸಾಪ್ ಗ್ರೂಪ್ ಆಯಿತು. ಎರಡು ವಾರ ಅದರಲ್ಲಿ ಹೂವಿನ ಚಿತ್ರ, ಶುಭೋದಯ ಬಿಟ್ಟರೆ ಬೇರೇನೂ ಬರಲಿಲ್ಲ. ಆಮೇಲೆ ಒಬ್ಬ ಬರೆದ: "ಅಕ್ಕಾ, ನಿನ್ನ ಅಕ್ಷರ ಛಂದ ಅದಾವ. ನೀ ಬರಿ, ಬೈಂಡಿಂಗ್ ಖರ್ಚು ನಾವು ಹಾಕ್ತೀವಿ."

ಬರೆದೆ. ನಾನೊಬ್ಬಳೇ ಸಂಘದ ಕಚೇರಿಗೆ ನಾಲ್ಕು ಸಲ ಅಲೆದು, ರಾತ್ರಿ ಕೂತು ಬರೆದೆ. ಹೊರಗಿನ ಹಾಳೆಯ ಮೇಲೆ ಆರು ಹೆಸರು. ಒಳಗೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಕೈಬರಹ. ಸರ್ ಎಲ್ಲ ಪುಟ ತಿರುವಿದರು, ಸಹಿ ಹಾಕಿದರು, ಆರೂ ಜನರಿಗೆ ಒಂದೇ ಅಂಕ ಕೊಟ್ಟರು. ಮೌಖಿಕ ಪರೀಕ್ಷೆಯಲ್ಲಿ ನಮ್ಮ ಗುಂಪಿನ ಒಬ್ಬನಿಗೆ ಆ ಸಂಘ ಯಾವ ಊರಲ್ಲಿದೆ ಅನ್ನುವುದೂ ಗೊತ್ತಿರಲಿಲ್ಲ. ಸಹಕಾರದ ಮೇಲೆ ಬರೆದ ಪ್ರಾಜೆಕ್ಟ್ ಅದು, ಮರೆಯಬೇಡಿ.

ಇದನ್ನು ಓದಿ ನನ್ನನ್ನು ಪಾಪದವಳು ಅಂದುಕೊಳ್ಳಬೇಡಿ. ಮುಂದಿನ ವರ್ಷ ಎಂ.ಎ. ಸೇರಿದೆ. ಸಂಖ್ಯಾಶಾಸ್ತ್ರದಲ್ಲಿ ಮತ್ತೆ ಗ್ರೂಪ್ ಕೆಲಸ ಬಂತು. ಈ ಸಲ ನಮ್ಮ ಗುಂಪಿನಲ್ಲಿ ಲೆಕ್ಕದಲ್ಲಿ ಜಾಣೆಯಾದ ಗೆಳತಿ ಇದ್ದಳು. ಅವಳು ಲೆಕ್ಕ ಬಿಡಿಸಿದಳು, ಚಾರ್ಟ್ ಮಾಡಿದಳು. ನನ್ನ ಪಾಲಿನ ಕೆಲಸ ಏನು ಗೊತ್ತಾ? ಎಲ್ಲರಿಗೂ ಗಿರ್ಮಿಟ್ ತಂದುಕೊಟ್ಟದ್ದು. ಅಂಕ ಚೆನ್ನಾಗಿಯೇ ಬಂತು. ಪರೀಕ್ಷೆಯಲ್ಲಿ ಅದೇ ಪಾಠದ ಪ್ರಶ್ನೆ ಬಂದಾಗ ಬಿಟ್ಟು ಬಂದೆ. ಹಾಗಾಗಿ ಈ ಆಟದ ಎರಡೂ ಕಡೆ ನಿಂತು ನೋಡಿದವಳು ನಾನು.

ನಮ್ಮ ಅಕ್ಕ ಬಿ.ಇಡಿ. ಮಾಡಿದ್ದಾಳೆ. ಅವಳ ಹಳೆಯ ನೋಟ್ಸ್‌ನಲ್ಲಿ "ಸಹಕಾರಿ ಕಲಿಕೆ" ಅಂತ ಒಂದು ಪಾಠ ಸಿಕ್ಕಿತು. ಅರ್ಥ, ಲಕ್ಷಣ, ಅನುಕೂಲ, ಅನಾನುಕೂಲ. "ಇದನ್ನ ಹೆಂಗ ಕಲಿಸಿದ್ರು?" ಅಂತ ಕೇಳಿದೆ. "ಸರ್ ಓದಿ ಹೇಳಿದ್ರು, ನಾವು ಬರಕೊಂಡ್ವಿ" ಅಂದಳು. ಇಬ್ಬರೂ ನಕ್ಕೆವು. ಆ ನೋಟ್ಸ್‌ನಿಂದಲೇ ನನಗೆ ಈ ವಿಷಯದ ರುಚಿ ಹತ್ತಿದ್ದು. ಆಮೇಲೆ ಲೈಬ್ರರಿಯಲ್ಲಿ ಹುಡುಕಿ ಓದಿದೆ.

ಓದುವಾಗ ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಇಂಜಿನಿಯರ್ ಸಿಕ್ಕ. ನೂರು ವರ್ಷಕ್ಕೂ ಹಿಂದಿನವನು. ಜನರಿಗೆ ಹಗ್ಗ ಎಳೆಯಲು ಹಚ್ಚಿ, ಎಷ್ಟು ಬಲ ಬೀಳುತ್ತದೆ ಅಂತ ಅಳೆದ. ಒಬ್ಬನೇ ಎಳೆದಾಗ ಪೂರ್ತಿ ಬಲ. ಜನ ಹೆಚ್ಚಾದಂತೆ ಒಬ್ಬೊಬ್ಬರು ಹಾಕುವ ಬಲ ಇಳಿಯುತ್ತ ಹೋಯಿತು. 8 ಜನ ಕೂಡಿ ಎಳೆದಾಗ ಒಬ್ಬೊಬ್ಬರದೂ ಹೆಚ್ಚುಕಡಿಮೆ ಅರ್ಧಕ್ಕೆ ಬಂತು. 1913ರಲ್ಲಿ ಅವನು ಇದನ್ನು ಪ್ರಕಟಿಸಿದ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದೇ ಇರುವುದು ಒಂದು ಕಾರಣ. ಗುಂಪಿನಲ್ಲಿ ಮೈಗಳ್ಳತನ ಇನ್ನೊಂದು. ಈ ಎರಡನೆಯದನ್ನು 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಚಪ್ಪಾಳೆ ತಟ್ಟಿಸಿ, ಕೂಗಿಸಿ ಮತ್ತೆ ತೋರಿಸಿದರು.

ಇದನ್ನು ಓದಿದಾಗ ನನಗೆ ಬನಶಂಕರಿ ಜಾತ್ರೆ ನೆನಪಾಯಿತು. ಬನದ ಹುಣ್ಣಿಮೆ ದಿನ ತೇರಿನ ಹಗ್ಗಕ್ಕೆ ಎಷ್ಟು ಕೈ! ಎಳೆಯುವವರು ಬೆವರು ಸುರಿಸುತ್ತಿರುತ್ತಾರೆ. ಹಗ್ಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರೇ ಜಾಸ್ತಿ. ಜಾತ್ರೆಯಲ್ಲಿ ಅದು ಭಕ್ತಿ, ತಪ್ಪೇನಿಲ್ಲ. ಕ್ಲಾಸಿನಲ್ಲಿ ಹಗ್ಗ ಮುಟ್ಟಿದವರಿಗೂ ಎಳೆದವರಿಗೂ ಒಂದೇ ಅಂಕ ಸಿಕ್ಕರೆ ಮುಂದಿನ ಸಲ ಯಾರು ಎಳೆಯುತ್ತಾರೆ, ಹೇಳಿ?

ಹಾಗಾದರೆ ವಿದ್ಯಾರ್ಥಿಗಳಿಗೆ ಗ್ರೂಪ್ ಕಲಿಕೆ ಬೇಡವೇ? ಈ ಪತ್ರ ಬರೆಯುವ ಮುಂಚೆ ಹಾಸ್ಟೆಲ್‌ನಲ್ಲಿ, ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ಸಿಕ್ಕವರನ್ನೆಲ್ಲ ಕೇಳಿದೆ. ಇದು ಸರ್ವೇ ಅಲ್ಲ, ಸುಮ್ನೆ ಕೇಳಿದ್ದು. ಬಹಳ ಜನ ಮೊದಲು ಮುಖ ಸಿಂಡರಿಸಿದರು. "ನಮ್ಮ ಮಾರ್ಕ್ಸ್ ಬ್ಯಾರೇದವರ ಕೈಯಾಗ ಇರಬಾರ್ದು" ಅಂದಳು ಒಬ್ಬ ರ‍್ಯಾಂಕ್ ಹುಡುಗಿ. ಆದರೆ ಪರೀಕ್ಷೆ ಹಿಂದಿನ ರಾತ್ರಿ ಏನು ಮಾಡುತ್ತೀರಿ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ. ನಾಲ್ಕು ಜನ ಒಂದು ರೂಮಿನಲ್ಲಿ ಕೂತು, ಒಬ್ಬರಿಗೊಬ್ಬರು ಹೇಳಿಕೊಂಡು ಓದುತ್ತಾರೆ! ಅದನ್ನು ಯಾರೂ ಗ್ರೂಪ್ ಕಲಿಕೆ ಅಂತ ಕರೆಯುವುದಿಲ್ಲ. ಅದಕ್ಕೆ ಅಂಕ ಇಲ್ಲ, ರೆಕಾರ್ಡ್ ಇಲ್ಲ. ಕಲಿಕೆ ಮಾತ್ರ ಇದೆ.

ಬೇರೆ ಕಷ್ಟಗಳೂ ಬಂದವು. ನಿಮಗೆ ಇವು ಕಾಣುತ್ತವೋ ಇಲ್ಲವೋ, ಅದಕ್ಕೇ ಹೇಳುತ್ತಿದ್ದೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥ ಹುಡುಗಿಯರಿಗೆ ಊರಿಂದಲೇ ಓಡಾಡುವುದು ಸುಲಭವಾಯಿತು. ಬಸ್ಸಿನ ಖರ್ಚಿಲ್ಲ. ಆದರೆ ನಮ್ಮೂರಿಗೆ ಸಂಜೆ ಇರುವುದು ಒಂದೇ ಬಸ್ಸು. "ಕ್ಲಾಸ್ ಮುಗಿದ ಮೇಲೆ ಗ್ರೂಪ್ ಕೂತು ಮಾಡ್ರಿ" ಅಂದರೆ ನಾವು ಆ ಗುಂಪಿನಲ್ಲಿ ಹೆಸರಿಗೆ ಮಾತ್ರ. ಇನ್ನೊಬ್ಬ ಹುಡುಗ ರಾತ್ರಿ ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಾನೆ. ಅವನನ್ನು ಗುಂಪಿನವರು ಸೋಮಾರಿ ಅಂತ ಬೈದಿದ್ದರಂತೆ. ಮನೆಯಲ್ಲಿ ಹುಡುಗರ ನಂಬರ್ ಇರುವ ವಾಟ್ಸಾಪ್ ಗ್ರೂಪ್ ನೋಡಿ ಅಣ್ಣ ಫೋನನ್ನೇ ಕಿತ್ತುಕೊಂಡ ಅಂತ ಒಬ್ಬಳು ಹೇಳಿದಳು. ಇದೆಲ್ಲ ಕ್ಲಾಸಿನ ಹೊರಗೆ ಗ್ರೂಪ್ ಕೆಲಸ ದಬ್ಬಿದ್ದರಿಂದ ಬಂದದ್ದು. ಕ್ಲಾಸಿನ ಒಳಗೆ, ನಿಮ್ಮ ಕಣ್ಣೆದುರಿಗೆ, ಪೀರಿಯಡ್‌ನಲ್ಲೇ ಮಾಡಿಸಿದರೆ ಬಸ್ಸೂ ತಪ್ಪುವುದಿಲ್ಲ, ಅಣ್ಣನ ಕಾಟವೂ ಇಲ್ಲ.

ಇನ್ನು ಹೇಳಲೇಬೇಕಾದ ಒಂದು ವಿಷಯ ಇದೆ. ಕಹಿ ವಿಷಯ. "ನಿಮಗ ಬೇಕಾದವರ ಜೋಡಿ ಗುಂಪು ಮಾಡ್ಕೊಳ್ರಿ" ಅಂತ ನೀವು ಅಂದಾಗ ಏನಾಗುತ್ತದೆ ಗೊತ್ತಾ? ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ. ಅದು ಎಲ್ಲರಿಗೂ ಕಾಣುತ್ತದೆ. ಒಳಗೆ ಇನ್ನೊಂದು ಸೋಸುವಿಕೆ ನಡೆಯುತ್ತದೆ. ಒಂದೇ ಊರಿನವರು, ಒಂದೇ ಹಾಸ್ಟೆಲ್‌ನವರು, ಬಾಯಿಬಿಟ್ಟು ಹೇಳದಿದ್ದರೂ ಒಂದೇ ಜಾತಿಯವರು. ಬೆಳಗಾವಿ ಕಡೆಯ ಗೆಳತಿ ಹೇಳುವಂತೆ ಅಲ್ಲಿ ಭಾಷೆಯ ಗೆರೆಯೂ ಸೇರಿಕೊಳ್ಳುತ್ತದೆ. ಮರಾಠಿ ಮನೆಯವರು ಒಂದು ಬೆಂಚು, ಕನ್ನಡದವರು ಒಂದು ಬೆಂಚು. ಕೊನೆಗೆ ಯಾವ ಗುಂಪಿಗೂ ಬೇಡವಾದ ಮೂರ್ನಾಲ್ಕು ಜನ ಉಳಿಯುತ್ತಾರೆ. ಅವರನ್ನು ಸರ್ ಎಲ್ಲರ ಮುಂದೆ "ನೀವು ಉಳಿದವರು ಒಂದು ಗುಂಪಾಗ್ರಿ" ಅನ್ನುತ್ತಾರೆ. "ಉಳಿದವರು" ಅನ್ನುವ ಆ ಮಾತು ಅವರಿಗೆ ಎರಡು ವರ್ಷ ಅಂಟಿಕೊಂಡಿರುತ್ತದೆ. ದಯವಿಟ್ಟು ಗುಂಪನ್ನು ನೀವೇ ಮಾಡಿ. ನಮಗೆ ಬಿಡಬೇಡಿ.

ಈಗ ಒಂದು ಒಳ್ಳೆಯ ಕ್ಲಾಸಿನ ಕತೆ ಹೇಳುತ್ತೇನೆ. ಈ ಪತ್ರ ಬರೆಯಲು ಅದೇ ಕಾರಣ.

ನಮಗೆ ಕರ್ನಾಟಕದ ಆರ್ಥಿಕತೆ ಪಾಠ ಮಾಡಿದವರು ಒಬ್ಬ ಅತಿಥಿ ಉಪನ್ಯಾಸಕಿ. ನೀರಾವರಿ ಅಧ್ಯಾಯ ಬಂದಾಗ ಮೇಡಂ ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟನ್ನು ತೆಗೆದುಕೊಂಡರು. ಆ ವಿಷಯವನ್ನು ಐದು ತುಂಡು ಮಾಡಿ, ಐದು ಬೇರೆ ಬೇರೆ ಹಾಳೆ ಬರೆದುಕೊಂಡು ಬಂದಿದ್ದರು. ಒಂದು ಹಾಳೆಯಲ್ಲಿ ನೀರಿನ ಹಂಚಿಕೆ: ಬಚಾವತ್ ನ್ಯಾಯಮಂಡಳಿ ಕೃಷ್ಣೆಯ 2,060 ಟಿಎಂಸಿಯಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಕೊಟ್ಟ ಕತೆ. ಇನ್ನೊಂದರಲ್ಲಿ ಎತ್ತರದ ಜಗಳ: ಈಗ ನೀರು ನಿಲ್ಲಿಸುವುದು 519.60 ಮೀಟರ್‌ವರೆಗೆ, 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿದ್ದು 524.256 ಮೀಟರ್. ಮೂರನೆಯದರಲ್ಲಿ ಖರ್ಚು ಮತ್ತು ಕಾಲ: 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟಲ್ಲಿಂದ ಮುಂದಿನದು. ನಾಲ್ಕನೆಯದು ಕಾಲುವೆ, ಮುಳವಾಡ ಏತ ನೀರಾವರಿ, ನೀರು ಯಾರ ಹೊಲಕ್ಕೆ ಮುಟ್ಟುತ್ತದೆ ಅನ್ನುವುದು. ಐದನೆಯದು ಮುಳುಗಡೆ: ಹಳೆ ಬಾಗಲಕೋಟೆ, ನವನಗರ, ಪರಿಹಾರ, ಪುನರ್ವಸತಿ ಕೇಂದ್ರಗಳು.

ಐದೈದು ಜನರ ಗುಂಪು. ಮೇಡಂ ತಾವೇ ಮಾಡಿದ್ದರು, ಪಟ್ಟಿ ತಂದಿದ್ದರು. ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಹಾಳೆ. ನನಗೆ ಎತ್ತರದ ಹಾಳೆ ಸಿಕ್ಕಿತು. ಮೊದಲ ಪೀರಿಯಡ್‌ನಲ್ಲಿ ಎಲ್ಲ ಗುಂಪಿನ ಎತ್ತರದ ಹಾಳೆಯವರು ಒಂದು ಕಡೆ ಕೂತು ಓದಿ, ಅರ್ಥ ಮಾಡಿಕೊಂಡೆವು. ಎರಡನೇ ಪೀರಿಯಡ್‌ನಲ್ಲಿ ನಮ್ಮ ನಮ್ಮ ಗುಂಪಿಗೆ ವಾಪಸ್ ಹೋಗಿ ಉಳಿದ ನಾಲ್ವರಿಗೆ ಕಲಿಸಬೇಕು. ನನ್ನ ಹಾಳೆ ಅವರ ಹತ್ತಿರ ಇಲ್ಲ. ಅವರ ಹಾಳೆ ನನ್ನ ಹತ್ತಿರ ಇಲ್ಲ. ಕೊನೆಗೆ ಐದೂ ಹಾಳೆಯ ಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆ ಕಿರುಪರೀಕ್ಷೆ. ಹಗ್ಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಜಾಗವೇ ಇರಲಿಲ್ಲ.

ನಮ್ಮ ಗುಂಪಿನಲ್ಲಿ ಮುಳುಗಡೆ ಹಾಳೆ ಸಿಕ್ಕದ್ದು ಕೊನೆಯ ಬೆಂಚಿನ ಒಬ್ಬ ಹುಡುಗನಿಗೆ. ಒಂದು ವರ್ಷದಲ್ಲಿ ಅವನ ದನಿಯನ್ನೇ ನಾನು ಕೇಳಿರಲಿಲ್ಲ. ಹಾಜರಿಗೆ "ಎಸ್ ಸರ್" ಅನ್ನುವುದು ಬಿಟ್ಟರೆ. ಅವನು ಹಾಳೆ ನೋಡಿ ಓದಲು ಶುರು ಮಾಡಿದ. ಎರಡು ಸಾಲು ಓದಿ ಹಾಳೆ ಮಡಿಚಿ ಇಟ್ಟ. "ಇದು ನಮ್ಮನಿ ಕತಿ" ಅಂದ. ಅವನ ಊರೇ ಮುಳುಗಡೆ ಊರು. ಈಗ ಇರುವುದು ಪುನರ್ವಸತಿ ಕೇಂದ್ರದಲ್ಲಿ. ಪರಿಹಾರದ ದುಡ್ಡು ಕಂತಿನಲ್ಲಿ ಬಂದದ್ದು, ಅದು ಅಕ್ಕನ ಮದುವೆಗೆ ಹೋದದ್ದು, ಹೊಸ ಜಾಗದಲ್ಲಿ ಹೊಲ ಇಲ್ಲದೆ ಅಪ್ಪ ಕೂಲಿಗೆ ಹೋಗತೊಡಗಿದ್ದು ಎಲ್ಲ ಹೇಳಿದ. "ಬ್ಯಾಸಿಗ್ಯಾಗ ನೀರು ಇಳದಾಗ ನಮ್ಮ ಗುಡಿ ಕಟ್ಟಿ ಕಾಣತೈತಿ. ಅವ್ವ ಹೋಗಿ ಕಾಯಿ ಒಡಕೊಂಡು ಬರ್ತಾಳ" ಅಂದ. ನಾನು 519.60, 524.256 ಅಂತ ಉರು ಹೊಡೆದಿದ್ದೆ. ನಾಲ್ಕೂವರೆ ಮೀಟರ್ ಮೇಲೇರಿದರೆ ಎಲ್ಲಿಯವರೆಗೆ ನೀರು ಬರುತ್ತದೆ ಅಂತ ಅವನು ಕೈ ಮಾಡಿ, ಈ ಮರ, ಆ ಶಾಲೆ ಅಂತ ತೋರಿಸಿದ. ಕಾಲುವೆ ಹಾಳೆಯ ಹುಡುಗಿ ವಿಜಯಪುರ ಕಡೆಯವಳು. ಅವಳ ಊರಿಗೆ ಮುಳವಾಡದ ನೀರು ಬಂದು ಕಬ್ಬು, ದ್ರಾಕ್ಷಿ ಬೆಳೆಯುತ್ತಾರೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಹೊಲದ ನೀರು ನಿಮ್ಮ ಊರ ಮ್ಯಾಲಿಂದ ಬಂದದ್ದಲ್ಲಪಾ" ಅಂದಳು.

ಇಷ್ಟನ್ನು ಯಾವ ಪಿಪಿಟಿಯೂ ನಮಗೆ ಕಲಿಸುತ್ತಿರಲಿಲ್ಲ. ಯೋಜನೆಯ ಲಾಭ-ವೆಚ್ಚ ವಿಶ್ಲೇಷಣೆ ಅನ್ನುವ ಪಾಠ ನನಗೆ ಅರ್ಥವಾದದ್ದು ಅವತ್ತು. ಆ ಹುಡುಗ ಈಗ ಕ್ಲಾಸಿನಲ್ಲಿ ಪ್ರಶ್ನೆ ಕೇಳುತ್ತಾನೆ. ಪ್ರತಿದಿನ ಅಂತಲ್ಲ. ಕೇಳುತ್ತಾನೆ.

ಮೇಡಂ ಮಾಡಿದ ವಿಧಾನಕ್ಕೆ ಜಿಗ್‌ಸಾ ಅಂತ ಹೆಸರು. 1971ರಲ್ಲಿ ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ಊರಿನಲ್ಲಿ ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವನ ವಿದ್ಯಾರ್ಥಿಗಳು ಇದನ್ನು ರೂಪಿಸಿದರು. ಆಗ ಅಲ್ಲಿನ ಶಾಲೆಗಳಲ್ಲಿ ಬಿಳಿಯರು, ಕರಿಯರು, ಮೆಕ್ಸಿಕೋ ಮೂಲದವರನ್ನು ಮೊದಲ ಸಲ ಒಂದೇ ಕ್ಲಾಸಿನಲ್ಲಿ ಕೂರಿಸಿದ್ದರು. ಮಕ್ಕಳ ನಡುವೆ ಜಗಳ, ತಿರಸ್ಕಾರ. ಪಾಠವನ್ನೇ ತುಂಡು ಮಾಡಿ ಒಬ್ಬೊಬ್ಬರ ಕೈಗೆ ಕೊಟ್ಟರೆ, ತಾವು ಯಾರನ್ನು ತಿರಸ್ಕಾರ ಮಾಡಿದರೋ ಅವನ ಮಾತನ್ನೇ ಕಿವಿಗೊಟ್ಟು ಕೇಳಬೇಕಾಗುತ್ತದೆ ಅನ್ನುವುದು ಅವನ ಯೋಚನೆ. ಬೆಂಚಿನ ಗೆರೆಗಳ ಬಗ್ಗೆ ಮೇಲೆ ಬರೆದೆನಲ್ಲ, ಅದಕ್ಕೇ ಈ ಕತೆ ನನಗೆ ದೂರದ್ದು ಅನ್ನಿಸಲಿಲ್ಲ.

ಅವತ್ತು ಒಂದು ತಮಾಷೆಯೂ ಆಯಿತು. ಗದ್ದಲ ಕೇಳಿ ಹಿರಿಯ ಸರ್ ಒಬ್ಬರು ಬಾಗಿಲಿಗೆ ಬಂದು, "ಏನ್ರಿ ಮೇಡಂ, ಕ್ಲಾಸೋ ಸಂತಿಯೋ?" ಅಂದರು. ಮೇಡಂ ಅತಿಥಿ ಉಪನ್ಯಾಸಕಿ, ಅವರ ಮುಖ ಸಣ್ಣದಾಯಿತು. ಆಮೇಲೆ ಅವರು ಅಂಥ ಕ್ಲಾಸ್ ಮಾಡಿದ್ದು ಇನ್ನೊಂದೇ ಸಲ. ಹಿರಿಯರಲ್ಲಿ ಒಂದು ವಿನಂತಿ. ಸಂತೆಯಲ್ಲೇ ಅಲ್ವಾ ವ್ಯಾಪಾರ ಆಗುವುದು? ಪಕ್ಕದ ಕ್ಲಾಸಿನಿಂದ ಮಾತು ಕೇಳಿಸಿದರೆ ಒಂದು ಸಲ ಒಳಗೆ ಬಂದು ಏನು ಮಾತಾಡುತ್ತಿದ್ದಾರೆ ಅಂತ ಕೇಳಿ. ಹರಟೆ ಆಗಿದ್ದರೆ ಬೈಯಿರಿ.

ಇನ್ನೊಂದು ಲಾಭ ನಮ್ಮಂಥ ಕನ್ನಡ ಮಾಧ್ಯಮದವರಿಗೆ. ಬೇಡಿಕೆಯ ಸ್ಥಿತಿಸ್ಥಾಪಕತ್ವ ಅನ್ನುವ ಪದ ನನಗೆ ಇಂಗ್ಲಿಷಿನಲ್ಲೂ ಅರ್ಥವಾಗಿರಲಿಲ್ಲ, ಕನ್ನಡದಲ್ಲೂ ಆಗಿರಲಿಲ್ಲ. ಗೆಳತಿ ಒಬ್ಬಳು ಪಕ್ಕದಲ್ಲಿ ಕೂತು ಹೇಳಿದಳು: "ಉಪ್ಪಿನ ರೇಟ್ ಡಬಲ್ ಆದ್ರೂ ನಿಮ್ಮವ್ವ ಅಷ್ಟೇ ಉಪ್ಪು ತರ್ತಾಳ. ದ್ರಾಕ್ಷಿ ರೇಟ್ ಏರಿದ್ರ ಈ ವಾರ ಬ್ಯಾಡ ಅಂತಾಳ. ಅಷ್ಟೇ ನೋಡು." ಅಷ್ಟೇ! ಹೇಳಿದವಳಿಗೂ ಲಾಭ ಆಯಿತು. ನಾನು "ಹಂಗಾದ್ರ ಪೆಟ್ರೋಲ್?" ಅಂತ ಕೇಳಿದಾಗ ಅವಳು ತಡವರಿಸಿ, ಪುಸ್ತಕ ತೆಗೆದು, ಅಲ್ಪಾವಧಿ ದೀರ್ಘಾವಧಿ ಅಂತ ಹುಡುಕಿ ಓದಿದಳು. ಒಬ್ಬರಿಗೆ ವಿವರಿಸಲು ಹೋದಾಗಲೇ ನಮಗೆ ಎಲ್ಲಿ ಗೊತ್ತಿಲ್ಲ ಅನ್ನುವುದು ಗೊತ್ತಾಗುವುದು. ಇದಕ್ಕೆ ಗುಂಪು ಮಾಡಲೂ ಬೇಕಿಲ್ಲ. ಪಾಠದ ನಡುವೆ ಮೂರು ನಿಮಿಷ ನಿಲ್ಲಿಸಿ, "ಪಕ್ಕದವರಿಗೆ ಹೇಳ್ರಿ" ಅಂದರೆ ಸಾಕು. ಬೆಂಚು ಸರಿಸುವ ತೊಂದರೆಯೂ ಇಲ್ಲ.

ಈಗ ನಮ್ಮ ವಿರುದ್ಧವೇ ಒಂದು ಸಾಕ್ಷಿ ಕೊಡುತ್ತೇನೆ. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಕ್ಲಾಸಿನಲ್ಲಿ ಮಾಡಿದ ಒಂದು ಪ್ರಯೋಗ ಪ್ರಕಟವಾಯಿತು. ಕೆಲವರಿಗೆ ಚೆನ್ನಾದ ಉಪನ್ಯಾಸ, ಕೆಲವರಿಗೆ ಸಣ್ಣ ಗುಂಪಿನಲ್ಲಿ ಲೆಕ್ಕ ಬಿಡಿಸುವ ಕೆಲಸ. ಪಾಠ ಒಂದೇ. ಪರೀಕ್ಷೆ ಇಟ್ಟಾಗ ಗುಂಪಿನಲ್ಲಿ ಬಿಡಿಸಿದವರು ಹೆಚ್ಚು ಕಲಿತಿದ್ದರು. ಆದರೆ "ಎಷ್ಟು ಕಲಿತಿರಿ?" ಅಂತ ಕೇಳಿದಾಗ ಉಪನ್ಯಾಸ ಕೇಳಿದವರೇ ಜಾಸ್ತಿ ಕಲಿತೆವು ಅಂದರು! ಒಳ್ಳೆಯ ಭಾಷಣ ಕೇಳಿದಾಗ ಎಲ್ಲ ತಿಳಿದಂತೆ ಹಾಯಾಗಿರುತ್ತದೆ. ಗುಂಪಿನಲ್ಲಿ ತಡವರಿಸುವಾಗ ತಲೆ ಬಿಸಿಯಾಗುತ್ತದೆ. ಆಲಮಟ್ಟಿ ಕ್ಲಾಸಿನ ಮೊದಲ ಅರ್ಧ ಗಂಟೆ ನಾವೂ "ಮೇಡಂ ನೋಟ್ಸ್ ಕೊಟ್ರ ಆಗತಿತ್ತು" ಅಂತ ಗೊಣಗಿದ್ದೆವು. ಆದ್ದರಿಂದ ಫೀಡ್‌ಬ್ಯಾಕ್ ಫಾರಂನಲ್ಲಿ ನಾವು ಬರೆದದ್ದನ್ನು ಓದಿ, ಆದರೆ ಮೊದಲ ವಾರವೇ ಪೂರ್ತಿ ನಂಬಿ ಕೈಬಿಡಬೇಡಿ. ಯಾಕೆ ಹೀಗೆ ಮಾಡಿಸುತ್ತಿದ್ದೀರಿ ಅಂತ ಮೊದಲೇ ನಮಗೆ ಹೇಳಿ. ನಾವೇನು ಚಿಕ್ಕ ಮಕ್ಕಳಲ್ಲ, ಹೇಳಿದರೆ ತಿಳಿಯುತ್ತದೆ.

ಪಠ್ಯಕ್ರಮ ಸಮಿತಿಯವರಿಗೆ ಹೇಳಬೇಕಾದದ್ದು ಅಂಕದ ಬಗ್ಗೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಜಾನ್ಸನ್, ರೋಜರ್ ಜಾನ್ಸನ್ ಎಂಬ ಅಣ್ಣತಮ್ಮಂದಿರು ಇಡೀ ಜೀವನ ಈ ಕಲಿಕೆಯ ಮೇಲೆ ಕೆಲಸ ಮಾಡಿದವರು. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಸಾಗಬಾರದು, ಆದರೆ ಪ್ರತಿಯೊಬ್ಬರೂ ತಮ್ಮ ಪಾಲಿಗೆ ತಾವೇ ಉತ್ತರ ಕೊಡಬೇಕು. ಅವರು ಹೇಳುವ ಐದು ಅಂಶಗಳಲ್ಲಿ ಈ ಎರಡು ಮುಖ್ಯ ಅಂತ ನನಗೆ ಅನ್ನಿಸಿತು. ನಮ್ಮ ಇಂಟರ್ನಲ್ ಅಂಕದಲ್ಲಿ ಎರಡೂ ಇಲ್ಲ. ಆರು ಜನರಿಗೆ ಒಂದು ರೆಕಾರ್ಡ್, ಒಂದು ಅಂಕ. ಜಾನ್ಸ್ ಹಾಪ್‌ಕಿನ್ಸ್‌ನ ರಾಬರ್ಟ್ ಸ್ಲೇವಿನ್ ಇನ್ನೊಂದು ದಾರಿ ತೋರಿಸಿದ್ದಾನೆ. ಗುಂಪಿನಲ್ಲಿ ಕಲಿಯಿರಿ, ಪರೀಕ್ಷೆ ಒಬ್ಬೊಬ್ಬರೇ ಬರೆಯಿರಿ. ಅವರವರ ಹಿಂದಿನ ಅಂಕಕ್ಕಿಂತ ಎಷ್ಟು ಮೇಲೇರಿದರು ಅನ್ನುವುದರ ಮೇಲೆ ಗುಂಪಿಗೆ ಪಾಯಿಂಟ್. ಆಗ 20ಕ್ಕೆ 8 ತೆಗೆಯುತ್ತಿದ್ದವನು 12 ತೆಗೆದರೆ ಇಡೀ ಗುಂಪಿಗೆ ಖುಷಿ. ಜಾಣರು ಅವನನ್ನು ಹೊರೆ ಅನ್ನುವುದಿಲ್ಲ, ಹಿಡಿದು ಕೂರಿಸಿ ಕಲಿಸುತ್ತಾರೆ. ಆ ಪಾಯಿಂಟ್‌ಗೆ ಬಹುಮಾನ ಏನಾದರೂ ಇರಲಿ, ಒಂದು ಚಪ್ಪಾಳೆಯೂ ನಡೆಯುತ್ತದೆ. ಅಂಕಪಟ್ಟಿಗೆ ಹೋಗುವುದು ಮಾತ್ರ ಅವರವರದೇ ಅಂಕವಾಗಿರಲಿ.

ನಿಮ್ಮ ಕಷ್ಟವೂ ನಮಗೆ ಕಾಣುತ್ತದೆ. ಸಿಲೆಬಸ್ ಮುಗಿಸಬೇಕು. ಉದ್ದದ ಬೆಂಚುಗಳನ್ನು ಸರಿಸುವುದೂ ಸುಲಭವಲ್ಲ. ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷದ ಕೆಲಸವೇ ಗ್ಯಾರಂಟಿ ಇಲ್ಲ. ಐದು ಹಾಳೆ ಬರೆದು, ಜೆರಾಕ್ಸ್ ಮಾಡಿಸಿ ತರುವ ಖರ್ಚನ್ನು ಮೇಡಂ ತಮ್ಮ ಕೈಯಿಂದಲೇ ಹಾಕಿದ್ದರು ಅಂತ ಆಮೇಲೆ ಗೊತ್ತಾಯಿತು. ಎಲ್ಲ ಪಾಠವನ್ನೂ ಹೀಗೆ ಮಾಡಿ ಅಂತ ಯಾರೂ ಕೇಳುತ್ತಿಲ್ಲ. ಸೆಮಿಸ್ಟರಿಗೆ ಪ್ರತಿ ಪೇಪರಿನಲ್ಲಿ ಎರಡು ಅಧ್ಯಾಯ ಸಾಕು. ಆ ಜೆರಾಕ್ಸ್ ಖರ್ಚನ್ನು ವಿಭಾಗದಿಂದ ಕೊಡಿಸಿ.

ನಮ್ಮ ಈ ಸೆಮಿಸ್ಟರ್‌ನಲ್ಲಿ ಕೃಷಿ ಬೆಲೆ ನೀತಿ ಅಧ್ಯಾಯ ಇನ್ನೂ ಬಾಕಿ ಇದೆ. ಕ್ಲಾಸಿನಲ್ಲಿ ತೊಗರಿ ಬೆಳೆಯುವವರ ಮಕ್ಕಳಿದ್ದಾರೆ, ಕಬ್ಬು ಬೆಳೆಯುವವರಿದ್ದಾರೆ, ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇರುವವರ ಮಗ ಒಬ್ಬ ಇದ್ದಾನೆ, ಹಮಾಲಿ ಮಾಡುವವರ ಮಗಳು ಒಬ್ಬಳಿದ್ದಾಳೆ. ಹಾಳೆ ನೀವು ತುಂಡು ಮಾಡಿ ತನ್ನಿ. ಬೆಂಚು ಸರಿಸಲು ನಾವು ಹತ್ತು ನಿಮಿಷ ಮುಂಚೆ ಬರುತ್ತೇವೆ. ಒಂದೇ ಮಾತು, ಸಂಜೆ ನಾಲ್ಕೂವರೆಗೆ ಬಿಟ್ಟುಬಿಡಿ. ನಮ್ಮೂರ ಬಸ್ಸು ಹೋಗಿಬಿಡುತ್ತದೆ.

ಇಂತಿ ನಿಮ್ಮ ವಿದ್ಯಾರ್ಥಿನಿ,
ಎಂ.ಎ. ಅರ್ಥಶಾಸ್ತ್ರ, ಎರಡನೇ ವರ್ಷ
ಬಾಗಲಕೋಟೆ ಜಿಲ್ಲೆ